ಹುಳದ ಮನೆಯಲ್ಲಿ ಎರಡು ನಕ್ಷತ್ರ

ನಮ್ಮ ಹುಳದ ಮನೆ ಎರಡು ವರ್ಷ ಖಾಲಿ ಬಿದ್ದಿತ್ತು. ಮೊಣಕಾಲು ಹೋದ ಮೇಲೆ ರೇಷ್ಮೆ ಹುಳ ಮೇಯಿಸೋದನ್ನ ನಾನು ನಿಲ್ಲಿಸಿದೆ. ತಟ್ಟೆ ಜೋಡಿಸೋ ಸ್ಟ್ಯಾಂಡುಗಳು ಹಾಗೇ ನಿಂತಿದ್ದವು. ಇರುವೆ ಹತ್ತದಂಗೆ ಅವುಗಳ ಕಾಲಡಿ ಇಟ್ಟ ಬಟ್ಟಲುಗಳೂ ಇದ್ದವು, ಒಳಗೆ ನೀರು ಮಾತ್ರ ಇರಲಿಲ್ಲ. ಮಡಕಶಿರದಿಂದ ನಮ್ಮೂರಿಗೆ ಆಟೋದಲ್ಲಿ ಕಾಲು ಗಂಟೆ. ಒಂದು ದಿನ ನನ್ನ ಮಗಳ ಮಗಳು ಇಳಿದು ಬಂದವಳೇ, "ಅಜ್ಜೀ, ಹುಳದ ಮನೆ ನಮಗೆ ಕೊಡು, ಆಟ ಮಾಡ್ತೀವಿ" ಅಂದಳು.

"ಮದುವೆ ವಯಸ್ಸು ದಾಟಿದೋಳಿಗೆ ಆಟ ಆಡೋಕೆ ಒಂದು ಮನೆ ಬೇಕೇನೆ?"

"ಆಡೋಕಲ್ಲ, ಮಾಡೋಕೆ. ಫೋನಲ್ಲಿ ಆಡೋ ಆಟ. ರೇಷ್ಮೆ ಹುಳ ಸಾಕೋ ಆಟ."

ಮೂವತ್ತು ವರ್ಷ ಆ ಹುಳಕ್ಕೆ ಸೊಪ್ಪು ಹಾಕಿ ಸೊಂಟ ಬಿದ್ದವಳು ನಾನು. ಅದನ್ನ ಆಟ ಅಂತ ಆಡೋರು ಯಾರಿದ್ದಾರೆ ಅಂತ ನಗು ಬಂತು. ಆದರೂ ಬೀಗದ ಕೈ ಕೊಟ್ಟೆ. ಹಲ್ಲಿಗಳು ಇರೋ ಜಾಗದಲ್ಲಿ ಮನುಷ್ಯರು ಇರಲಿ ಅಂತ.

ಮೂರು ಜನ ಸೇರಿದರು. ಮೊಮ್ಮಗಳು ಆಟ ಹೇಗಿರಬೇಕು ಅಂತ ಯೋಚಿಸೋಳು. ಹೇಮಾವತಿ ಅನ್ನೋ ಊರಿಂದ ಬೈಕಲ್ಲಿ ಬರುತ್ತಿದ್ದವನಿಗೆ ಹೆಂಡತಿ, ಮಗು ಎಲ್ಲ ಉಂಟು. ಅವನು ಕಂಪ್ಯೂಟರಿಗೆ ಅರ್ಥ ಆಗೋ ಭಾಷೆ ಬರೆಯೋನು. ಮೂರನೆಯವಳು ರಾಯದುರ್ಗದ ಹುಡುಗಿ, ಚಿತ್ರ ಬರೆಯೋಳು. ಅವಳು ನಮ್ಮ ಮನೆಯಲ್ಲೇ ಉಳಿದಳು. ಅವರ ಮನೆಯಲ್ಲಿ ಎಲ್ಲರೂ ಜೀನ್ಸ್ ಪ್ಯಾಂಟ್ ಹೊಲಿಯೋರು. ಬಂದ ಮೊದಲ ದಿನವೇ ನನ್ನ ಹತ್ತಿರ ಕೂತು ಅವರೆಕಾಯಿ ಸುಲೀತಾ ಹೇಳಿದಳು.

"ಅಜ್ಜೀ, ನಮ್ಮಪ್ಪ ಮೂರು ತಿಂಗಳು ಬಿಟ್ಟಾನ್ರಿ. ಬೆಂಗಳೂರಿನ ಕಂಪನಿಯವರು ಈ ಆಟ ಹೊರಗ ತರ್ತೀವಿ ಅಂದ್ರ ಇಲ್ಲೇ ಇರಬೌದು. ಇಲ್ಲಾಂದ್ರ ನಾನು ಹೊಳ್ಳಿ ಹೋಗಿ ಮಿಷನ್ ಮುಂದ ಕುಂದ್ರಬೇಕ್ರಿ. ಝಿಪ್ ಕೂಡ್ಸೋದು, ಮತ್ತ ಝಿಪ್ ಕೂಡ್ಸೋದು."

"ಝಿಪ್ ಕೂಡ್ಸೋದು ಕೆಟ್ಟ ಕೆಲಸ ಏನಲ್ಲ."

"ಕೆಟ್ಟದ್ದಲ್ರಿ. ಆದ್ರ ಹತ್ತು ವರ್ಷದಿಂದ ಅದನ್ನ ಮಾಡೀನಲ್ರಿ."

ಅದು ನ್ಯಾಯವಾದ ಮಾತು.

ಅವರ ಕೆಲಸದ ರೀತಿ ನೋಡಿ ಮೊದಮೊದಲು ನನಗೆ ತಲೆ ಕೆಟ್ಟಿತು. ಬೆಳಿಗ್ಗೆ ಹತ್ತಕ್ಕೆ ಮೂರೂ ಜನ ಎದ್ದು ನಿಂತುಕೊಳ್ಳೋರು. ನಿಂತುಕೊಂಡೇ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಯಾವುದು ಅಡ್ಡ ಬಂದಿದೆ ಅಂತ ಒಬ್ಬೊಬ್ಬರೇ ಹೇಳೋರು. "ಕೂತ್ಕೊಳ್ರೋ, ಮೂಲವ್ಯಾಧಿ ಏನಾದ್ರೂ ಐತಾ?" ಅಂದೆ ಒಂದಿನ. ಕೂತರೆ ಮಾತು ಉದ್ದ ಆಗುತ್ತಂತೆ, ನಿಂತರೆ ಬೇಗ ಮುಗಿಯುತ್ತಂತೆ. ನಮ್ಮ ಸಂಘದ ಹೆಂಗಸರು ಬಾವಿಕಟ್ಟೆ ಹತ್ತಿರ ಎಷ್ಟು ಹೊತ್ತು ನಿಂತಿರ್ತಾರೆ ಅಂತ ಇವರಿಗೆ ಗೊತ್ತಿಲ್ಲ.

ಸುಣ್ಣ ಬಳಿದ ಗೋಡೆ ಮೇಲೆ ಮೂರು ಸಾಲು ಮಾಡಿ ಹಳದಿ ಚೀಟಿ ಅಂಟಿಸಿದ್ದರು. ಮಾಡಬೇಕಾದ್ದು, ಮಾಡ್ತಾ ಇರೋದು, ಮುಗಿದದ್ದು. ಹಲ್ಲಿ ಓಡಾಡಿ ಚೀಟಿ ಉದುರಿದರೆ ನಾನು ಎತ್ತಿ ಎಲ್ಲೋ ಒಂದು ಕಡೆ ಅಂಟಿಸುತ್ತಿದ್ದೆ. ಒಂದು ಸಲ ಇನ್ನೂ ಶುರುವೇ ಮಾಡದ ಕೆಲಸ ಮುಗಿದದ್ದರ ಸಾಲಿಗೆ ಸೇರಿತ್ತು. ಹೇಮಾವತಿಯವನು ಅವತ್ತು ಬಲು ಖುಷಿಯಾಗಿದ್ದ.

ಹದಿನೈದು ದಿನಕ್ಕೆ ಒಂದು ಕಂತು. ಅದಕ್ಕೆ ಅವರು ಸ್ಪ್ರಿಂಟ್ ಅನ್ನೋರು. ಆರು ಕಂತು ಆದ ಮೇಲೆ ಬೆಂಗಳೂರಿನವರಿಗೆ ತೋರಿಸೋದು. ಕಂತಿನ ಕೊನೆಗೆ ಊರಿನವರ ಕೈಗೆ ಕೊಟ್ಟು ಆಡಿಸೋದು, ಆಮೇಲೆ ಯಾವುದು ಸರಿ ಹೋಯಿತು, ಯಾವುದು ಕೆಟ್ಟಿತು ಅಂತ ಕೂತು ಮಾತಾಡೋದು, ಮತ್ತೆ ಹೊಸದಾಗಿ ಶುರು. ಇದಕ್ಕೇನೋ ಇಂಗ್ಲಿಷಿನಲ್ಲಿ ದೊಡ್ಡ ಹೆಸರು, ಅಜೈಲ್ ಅಂತ. ನಾನು ಅಂದೆ, "ಇದು ಹುಳದ ಬೆಳೆ ಕಣೆ. ಒಂದು ಬೆಳೆ ಇಳಿಸ್ತೀವಿ, ಮನೆ ತೊಳೆದು ಬ್ಲೀಚಿಂಗ್ ಹೊಡೀತೀವಿ, ಹೋದ ಸಲ ಸೊಪ್ಪು ಒದ್ದೆ ಹಾಕಿ ಕೆಟ್ಟೆವು ಅಂತ ಬೈಸ್ಕೋತೀವಿ, ಮತ್ತೆ ಮೊಟ್ಟೆ ತರ್ತೀವಿ." ಮೊಮ್ಮಗಳು ಅದನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದಳು.

ಹುಳದ ವಿಷಯ ಹೇಳಿಕೊಟ್ಟವಳು ನಾನೇ. ಅದರಲ್ಲಿ ಮುಖ್ಯ ಜ್ವರ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಚರ್ಮ ಬಿಡೋ ಹೊತ್ತಿಗೆ ತಿನ್ನೋದು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಗೂಡು ಕಟ್ಟೋದರೊಳಗೆ ನಾಲ್ಕು ಸಲ ಹೀಗೆ. ಆವಾಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಕಾಯಬೇಕು. ನಾಲ್ಕು ಹುಳ ಎದ್ದವು ಅಂತ ಆಸೆ ಬಿದ್ದು ಸೊಪ್ಪು ಹಾಕಿದರೆ ಎದ್ದವು ತಿಂದು ದಪ್ಪ ಆಗುತ್ತವೆ, ಮಲಗಿದವು ಹಿಂದೆ ಬೀಳುತ್ತವೆ, ಬೆಳೆ ಏರುಪೇರು. ಹೊಸಬರು ಕೆಡೋದೇ ಅಲ್ಲಿ. ಕೆಲಸ ಮಾಡೋದು ಕಲಿಯಬಹುದು, ಸುಮ್ಮನಿರೋದು ಕಲಿಯೋಕೆ ವರ್ಷಗಟ್ಟಲೆ ಬೇಕು.

ಮೊಮ್ಮಗಳಿಗೆ ಅದು ಬಹಳ ಹಿಡಿಸಿತು. ಆಟದಲ್ಲೂ ಹಾಗೇ ಇಟ್ಟಳು. ನಿಜದಲ್ಲಿ ಒಂದು ದಿನ ಹಿಡಿಯೋ ಜ್ವರ ಆಟದಲ್ಲಿ ಒಂದು ಗಂಟೆ. ಆ ಒಂದು ಗಂಟೆ ಸೊಪ್ಪು ತಿನ್ನೋ ಸದ್ದು ನಿಂತು ಹೋಗುತ್ತದೆ, ಏನು ಒತ್ತಿದರೂ ಉಪಯೋಗ ಇಲ್ಲ. ರಾಯದುರ್ಗದ ಹುಡುಗಿ ನನ್ನ ಬಾಯಲ್ಲಿ ಹೇಳಿಸಿಕೊಂಡು ತಲೆ ಎತ್ತಿ ಕೂತ ಹುಳದ ಚಿತ್ರ ಬರೆದಳು. ಏಳು ಸಲ ಬರೆಸಿದೆ. "ಕತ್ತು ಹಂಗಲ್ಲ, ಇನ್ನೊಂದೀಟು ಮೇಲೆ" ಅಂತ. ಅವಳು ಒಂದು ಸಲಕ್ಕೂ ಮುಖ ಸಿಂಡರಿಸಲಿಲ್ಲ.

ನಾಲ್ಕನೇ ಕಂತು ಮುಗಿದ ಭಾನುವಾರ ಸಂಘದ ಹೆಂಗಸರನ್ನ ಮಧ್ಯಾಹ್ನ ಕರೆಸಿದರು. ಎಲ್ಲರೂ ಹುಳ ಸಾಕಿದವರೇ. ನನ್ನ ವಾರಗಿತ್ತಿಯೂ ಬಂದಿದ್ದಳು. ಅವಳ ಮನೆ ನಮ್ಮ ಪಕ್ಕದ್ದೇ, ಅವಳು ಈಗಲೂ ಹುಳ ಮೇಯಿಸುತ್ತಾಳೆ. ಐದಾರು ಫೋನು ಹಂಚಿದರು. ಎಷ್ಟು ಹಿಡಿಸಿತು ಅನ್ನೋದನ್ನ ಕೊನೆಗೆ ನಕ್ಷತ್ರ ಒತ್ತಿ ಹೇಳಬೇಕು. ಬಹಳ ಹಿಡಿಸಿದರೆ ಐದು, ಹಿಡಿಸಲೇ ಇಲ್ಲ ಅಂದರೆ ಒಂದು.

"ಇದೇನು ನಮ್ಮ ಹಳೇ ಹಿಂಸೇನ ಗಾಜಿನೊಳಗೆ ಹಾಕೌರೆ" ಅಂದಳು ವಾರಗಿತ್ತಿ, ಕೂರೋಕೆ ಮುಂಚೆ.

ಅಂದವಳು ಎದ್ದದ್ದು ದೀಪ ಹಚ್ಚೋ ಹೊತ್ತಿಗೆ. ಒಲೆ ಮೇಲೆ ಸಣ್ಣ ಉರಿಯಲ್ಲಿ ಹಾಲಿಟ್ಟು ಬಂದಿದ್ದಳಂತೆ. ಅದು ಉಕ್ಕಿ, ಬತ್ತಿ, ಪಾತ್ರೆ ಹೊಗೆ ಆಡಿ, ಅವಳ ಗಂಡ ಬಂದು ಬಾಗಿಲಲ್ಲಿ ನಿಂತು ಕೂಗಿದ. ಜ್ವರ ಬಂದಾಗ ಯಾರೂ ಫೋನ್ ಕೆಳಗಿಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಎಲೆ ಅಡಿಕೆ ಹಾಕುತ್ತಾ, ಮಧ್ಯೆ ಮಧ್ಯೆ ಬಗ್ಗಿ ನೋಡುತ್ತಾ ಕೂತಿದ್ದರು. ಮಾರನೇ ದಿನ ಸೊಪ್ಪಿಗೆ ಹೋಗೋ ದಾರಿಯಲ್ಲಿ ವಾರಗಿತ್ತಿ ನಮ್ಮ ಬಾಗಿಲು ತಟ್ಟಿ, "ನನ್ನವು ಎದ್ವಾ ನೋಡ್ಬೇಕಿತ್ತು" ಅಂದಳು.

ಆದರೆ ನಕ್ಷತ್ರ ನೋಡಿದರೆ ಎಲ್ಲ ಎರಡೇ. ಎಲ್ಲೋ ಒಂದಿಬ್ಬರು ಮೂರು ಒತ್ತಿದ್ದರು. ನಾನು ಒತ್ತಿದ್ದೂ ಎರಡೇ. ಹೇಗಿದೆ ಅಂತ ಬಾಯಲ್ಲಿ ಕೇಳಿದ್ದಕ್ಕೆ ಒಬ್ಬಳು "ಏನೋ ಸುಮಾರು" ಅಂದಳು, ಇನ್ನೊಬ್ಬಳು "ಐತೆ ಬುಡವ್ವ" ಅಂದಳು.

ಆ ಸೋಮವಾರ ಹುಳದ ಮನೆ ಸಾವಿನ ಮನೆ ಆಗಿತ್ತು. ಮೊಮ್ಮಗಳು ಗೋಡೆ ನೋಡುತ್ತಾ ನಿಂತಿದ್ದಳು.

"ಜ್ವರ ತೆಗೀಬೇಕು. ಒಂದು ಗಂಟೆ ಸುಮ್ಮನೆ ಕೂರಿಸಿದ್ರೆ ಯಾರಿಗೆ ಬೇಕು? ಹುಳ ಸಾಕೋರಿಗೇ ಬೇಡ ಅಂದ ಮೇಲೆ ಬೆಂಗಳೂರಿನವರಿಗೆ ಬೇಕಾ?"

ಹೇಮಾವತಿಯವನು, ಆ ಹೊತ್ತಿಗೆ ಹುಳ ಕುಣಿಯೋ ಹಾಗೆ ಮಾಡೋಣ, ಬಣ್ಣ ಬಣ್ಣದ ಕಾಸು ಉದುರೋ ಹಾಗೆ ಮಾಡೋಣ ಅಂದ. ರಾಯದುರ್ಗದ ಹುಡುಗಿ ತಾನು ಬರೆದ ತಲೆ ಎತ್ತಿದ ಹುಳವನ್ನ ಪರದೆ ಮೇಲೆ ಇನ್ನೊಂದು ಸಲ ನೋಡಿ, ಆಯ್ತು ಅಂತ ತಲೆ ಆಡಿಸಿದಳು. ನನ್ನನ್ನೂ ಕೇಳಿದರು. "ಬೇಡ ಅಂದ್ರೆ ತೆಗೀರಿ, ನಂದೇನು ಹೋಯ್ತು" ಅಂದೆ. ತಪ್ಪು ಅವರದ್ದು ಮಾತ್ರ ಅಂತ ಬರೆದುಬಿಡಬಹುದು, ಆದರೆ ನಾನೂ ಅಲ್ಲೇ ಇದ್ದೆ.

ಐದನೇ ಕಂತು ಮುಗಿಯಿತು. ಹುಳ ಕುಣಿದವು, ಕಾಸು ಉದುರಿದವು, ಕಾಯೋದೇ ಇಲ್ಲ. ಅದೇ ಹೆಂಗಸರು ಬಂದರು. ಅರ್ಧ ಗಂಟೆಯಲ್ಲಿ ಆಡಿ ಮುಗಿಸಿ, "ಬೋ ಚೆನ್ನಾಗೈತೆ ಕಣಮ್ಮ, ಚೆನ್ನಾಗಿ ಮಾಡೀರ" ಅಂತ ಮೊಮ್ಮಗಳ ಗಲ್ಲ ಸವರಿ, ಐದೈದು ನಕ್ಷತ್ರ ಒತ್ತಿ, ಟೀ ಕುದಿಯೋಕೆ ಮುಂಚೆ ಹೊರಟರು. ಮಾಡಿದ ಟೀ ನಾವೇ ಎರಡೆರಡು ಸಲ ಕುಡಿದೆವು. ಹೇಮಾವತಿಯವನು ಮನೆಗೆ ಜಿಲೇಬಿ ತಗೊಂಡು ಹೋದ. ರಾಯದುರ್ಗದ ಹುಡುಗಿ ಅವರಪ್ಪನಿಗೆ ಫೋನ್ ಮಾಡಿ, "ಎಲ್ಲಾರೂ ಐದು ಕೊಟ್ಟಾರಪ್ಪಾ" ಅಂದಳು.

ಮಾರನೇ ದಿನ ಯಾರೂ ಬಾಗಿಲು ತಟ್ಟಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನನಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಆ ಗುರುವಾರ. ವಾರಗಿತ್ತಿಯ ಮನೆಗೆ ಕೊತ್ತಂಬರಿ ಕೇಳೋಕೆ ಹೋಗಿದ್ದೆ. ಹುಳ ನೋಡು ಬಾ ಅಂತ ಕರೆದಳು. ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿತ್ತು. ಎಲ್ಲ ಒಂದೇ ಅಳತೆ, ಬೆಳ್ಳಗೆ, ಕಿರುಬೆರಳಿನಷ್ಟು ದಪ್ಪ. ತಟ್ಟೆಯಿಂದ ತಟ್ಟೆಗೆ ನೋಡುತ್ತಾ ಹೋದೆ, ಒಂದು ಸೊರಗಿದ ಹುಳ ಕಾಣಲಿಲ್ಲ. ನನ್ನ ಮೂವತ್ತು ವರ್ಷದಲ್ಲಿ ಅಂಥ ಬೆಳೆ ಎರಡೋ ಮೂರೋ ಸಲ ಇಳಿಸಿರಬೇಕು. ಹೊಟ್ಟೆಕಿಚ್ಚೂ ಆಯಿತು, ಅದನ್ನ ಯಾಕೆ ಮುಚ್ಚಿಡಲಿ.

"ಹೆಂಗೈತಕ್ಕಾ?" ಅಂದಳು.

"ಏನೋ ಸುಮಾರು" ಅಂದೆ.

"ಹೂಂ, ಏನೋ ಐತೆ" ಅಂದಳು ಅವಳೂ.

ಕೊತ್ತಂಬರಿ ಹಿಡಿದು ನಲ್ಲಿ ಹತ್ತಿರ ಬರೋವಾಗ ಕಾಲು ನಿಂತಿತು. ಹುಳ ಸಾಕೋ ಊರಲ್ಲಿ ಚೆನ್ನಾಗಿರೋ ಬೆಳೆಯನ್ನ ಚೆನ್ನಾಗಿದೆ ಅಂತ ಯಾರು ಅಂದಾರು? ಅಂದರೆ ದೃಷ್ಟಿ. ನಮ್ಮತ್ತೆ ನನಗೆ ಕಲಿಸಿದ್ದ ಮೊದಲ ಪಾಠವೇ ಅದು. ಗೂಡು ಬುಟ್ಟಿಗೆ ಬೀಳೋವರೆಗೂ ಬಾಯಲ್ಲಿ ಒಳ್ಳೇ ಮಾತು ಬರಬಾರದು. ಇದೇ ವಾರಗಿತ್ತಿಗೆ ಮೂರು ವರ್ಷದ ಹಿಂದೆ ಹಾಲುರೋಗ ಬಂದು ಇಡೀ ಬೆಳೆ ತಿಪ್ಪೆಗೆ ಹೋಗೋ ಹಾಗಾಯಿತು. ಆವಾಗ ನಾವೆಲ್ಲ ಹೋಗಿ ಏನಂದೆವು? "ಚೆನ್ನಾಗೇ ಐತೆ ಬುಡು, ಏನಾಗಿಲ್ಲ" ಅಂದೆವು. ಚೆನ್ನಾಗಿದೆ ಅನ್ನೋದನ್ನ ನಾವು ಬೆಳೆ ಕೆಟ್ಟವರಿಗೆ ಸಮಾಧಾನ ಹೇಳೋಕೆ ಇಟ್ಟುಕೊಂಡಿದ್ದೇವೆ.

ಆ ಲೆಕ್ಕದಲ್ಲಿ ಎರಡು ನಕ್ಷತ್ರ ಅಂದರೆ ಏನು, ಐದು ಅಂದರೆ ಏನು? ನಾನೇ ಕೈಯಾರೆ ಎರಡು ಒತ್ತಿದ್ದೆ, ಯೋಚನೆ ಮಾಡದೆ, ಬೆರಳು ತಾನೇ ಹೋಗಿ ಒತ್ತಿತ್ತು.

ಮಾರನೇ ಬೆಳಿಗ್ಗೆ ಹತ್ತಕ್ಕೆ ನಾನೂ ಹುಳದ ಮನೆಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತೆ.

"ಅಜ್ಜಿ, ಇಲ್ಲಿ ನಿಂತ್ಕೋಬೇಕು" ಅಂದಳು ಮೊಮ್ಮಗಳು.

"ಮೊಣಕಾಲು ನಿಮ್ಮಪ್ಪಂದೇನೆ? ನನಗೆ ಒಂದು ಅಡ್ಡ ಬಂದೈತೆ, ಕೇಳ್ರಿ."

ಎಲ್ಲ ಹೇಳಿದೆ. ಮೊಮ್ಮಗಳು ಮೊದಲು ಒಪ್ಪಲಿಲ್ಲ.

"ಅಂಕಿ ಸುಳ್ಳು ಹೇಳಲ್ಲ ಅಜ್ಜಿ."

"ಅಂಕಿ ಹೇಳಲ್ಲ. ಒತ್ತಿದೋರು ಹೇಳ್ತಾರೆ. ನಾನೇ ಹೇಳಿದ್ದೀನಿ. ಬಾಯಿ ಕೇಳಬೇಡ್ರಿ, ಬೆರಳೂ ಕೇಳಬೇಡ್ರಿ. ಯಾವಳ ಹಾಲು ಉಕ್ಕಿತು, ಯಾವಳು ಮಾರನೇ ದಿನ ತಾನಾಗಿ ಬಂದಳು, ಅದು ನೋಡ್ರಿ. ಜ್ವರ ಇದ್ದಾಗ ಬಂದಳು. ಕುಣಿಸಿದ ಮೇಲೆ ಒಬ್ಬಳಾದ್ರೂ ಬಂದಳಾ?"

ಹೇಮಾವತಿಯವನ ಮುಖ ಕೆಂಪಗಾಯಿತು. "ಹದಿನೈದು ದಿನ ಕೂತು ಕುಣಿಸಿದ್ದೀನಿ ಅಜ್ಜಿ. ಈಗ ತೆಗೆದ್ರೆ ಅದೆಲ್ಲ ಮಣ್ಣು. ಬೆಂಗಳೂರಿನವರಿಗೆ ತೋರ್ಸೋಕೆ ಇನ್ನು ಹತ್ತೇ ದಿನ. ಐದು ನಕ್ಷತ್ರ ಕೈಲಿಟ್ಕೊಂಡು ಎರಡಕ್ಕೆ ಇಳಿಯೋದಾ?"

"ರೋಗ ಬಿದ್ದ ತಟ್ಟೇನ, ಸೊಪ್ಪು ಹಾಕಿದ್ದೀನಲ್ಲ ಅಂತ ಇಟ್ಕೊಂಡ್ರೆ ಪಕ್ಕದ ತಟ್ಟೇನೂ ಹೋಗ್ತದೆ."

ನಾನು ರಾಯದುರ್ಗದ ಹುಡುಗಿಯನ್ನ ನೋಡಲಿಲ್ಲ, ಬೇಕೆಂದೇ. ಬೆಂಗಳೂರಿನವರು ಬೇಡ ಅಂದರೆ ಇವರಿಬ್ಬರಿಗೆ ಇನ್ನೊಂದು ಕೆಲಸ, ಅವಳಿಗೆ ಮಾತ್ರ ಝಿಪ್ಪು. ಐದು ನಕ್ಷತ್ರ ಇಟ್ಟುಕೊಳ್ಳೋಣ ಅಂತ ಅವಳು ಅಂದಿದ್ದರೆ ನಾನು ಮನೆಗೆ ಎದ್ದು ಬರುತ್ತಿದ್ದೆ.

ಅವಳು ಗೋಡೆ ಹತ್ತಿರ ಹೋದಳು. ಮುಗಿದದ್ದರ ಸಾಲಿನಿಂದ 'ಜ್ವರ ತೆಗೆಯುವುದು' ಅನ್ನೋ ಚೀಟಿ ಕಿತ್ತಳು. ಹಿಂದೆ ತಿರುಗಿಸಿ 'ಜ್ವರ ವಾಪಸ್' ಅಂತ ಬರೆದು ಮಾಡಬೇಕಾದ್ದರ ಸಾಲಿಗೆ ಒತ್ತಿದಳು.

"ಅಜ್ಜಿ ಹೇಳಿದ್ದು ಖರೇ ಐತಿ ಅನಸ್ತೈತ್ರಿ. ಆದ್ರ ಬರೇ ಮಾತಿಗೆ ಬೆಂಗಳೂರಿನವರು ಕೇಳಂಗಿಲ್ಲ. ಈ ಸಲ ನಕ್ಷತ್ರ ಬ್ಯಾಡ್ರಿ. ಫೋನ್ ಅವ್ರ ಮನ್ಯಾಗ ಮೂರು ದಿನ ಬಿಟ್ಟು ಬರೋಣು. ಯಾರು ಎಷ್ಟು ಸಲ ತಗದ್ರು ಅಂತ ಆಟನ ಬರ್ಕೋತೈತಿ, ಅದನ್ನ ಅವರಿಗೂ ಮೊದಲ ಹೇಳಿ ಬಿಡೋಣು."

ಹೇಮಾವತಿಯವನು ಒಂದು ಉಸಿರು ಬಿಟ್ಟು ಕುರ್ಚಿ ಎಳೆದುಕೊಂಡ. ಹಳೇದು ಎಲ್ಲೋ ಎತ್ತಿಟ್ಟಿದ್ದನಂತೆ, ವಾಪಸ್ ತರೋಕೆ ಎರಡೇ ದಿನ ಸಾಕಾಯಿತು. ಅಷ್ಟಕ್ಕೆ ಅವತ್ತು ಅಷ್ಟು ರಂಪ.

ಫೋನು ಹಂಚಿದೆವು. ಆ ಮೂರು ದಿನ ಈ ಮೂವರಿಗೂ ನಿಜವಾದ ಜ್ವರ. ಏನೂ ಮಾಡೋ ಹಾಗಿಲ್ಲ, ಕಾಯಬೇಕು. ಮೊಮ್ಮಗಳು ಎರಡು ಸಲ, ಹೋಗಿ ಕೇಳಿ ಬರ್ಲಾ ಅಂದಳು. ಸೊಪ್ಪು ಹಾಕಬೇಡ ಕೂತ್ಕೋ ಅಂತ ಗದರಿದೆ.

ನಾಲ್ಕನೇ ದಿನ ವಾರಗಿತ್ತಿಯ ಮನೆಗೆ ಫೋನ್ ಇಸ್ಕೊಳ್ಳೋಕೆ ಹೋದರೆ ಅವಳು ಸೆರಗಿನಡಿ ಬಚ್ಚಿಟ್ಟುಕೊಂಡಳು.

"ನಾಡಿದ್ದು ಬಾ. ಇನ್ನೊಂದು ಬೆಳೆ ಹಾಕಿವ್ನಿ, ಮೂರನೇ ಜ್ವರದಾಗೆ ಅವೆ."

"ನಿನ್ನ ನಿಜವಾದ ಹುಳ ಹಣ್ಣಾಗೈತಲ್ಲೇ, ಗೂಡು ಕಟ್ಟೋಕೆ ಅದನ್ನ ಚಂದ್ರಿಕೆಗೆ ಬಿಡೋದು ಬಿಟ್ಟು?"

"ಅದಕ್ಕೆ ಕೂಲಿಯೋರು ಅವ್ರೆ. ಇದಕ್ಕೆ ಯಾರವ್ರೆ?"

"ಆಟ ಹೆಂಗೈತೆ?"

"ಏನೋ" ಅಂದಳು ಮುಖ ತಿರುಗಿಸಿ.

ಬೆಂಗಳೂರಿನವರ ಜೊತೆ ಮಾತು ನಡೆದದ್ದು ಮಂಗಳವಾರ ಹನ್ನೊಂದಕ್ಕೆ, ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು. ಕಂಪ್ಯೂಟರ್ ಇಟ್ಟಿದ್ದು ತಟ್ಟೆ ಸ್ಟ್ಯಾಂಡಿನ ಮೇಲೆಯೇ. ಇರುವೆ ಹತ್ತೋದು ಬೇಡ ಅಂತ ಅವತ್ತು ಕಾಲಡಿ ಬಟ್ಟಲಿಗೆ ನಾನು ನೀರು ಹಾಕಿದ್ದೆ. ಆ ಕಡೆ ಒಬ್ಬ ಹೆಂಗಸು, ಇಬ್ಬರು ಗಂಡಸರು. ಮೊಮ್ಮಗಳು ಎರಡು ನಕ್ಷತ್ರವನ್ನೂ ಮುಚ್ಚಿಡದೆ ತೋರಿಸಿದಳು, ಐದನ್ನೂ ತೋರಿಸಿದಳು, ಯಾಕೆ ಹಾಗೆ ಅಂತ ಹೇಳಿದಳು. ಆಮೇಲೆ ಆಟ ಬರೆದುಕೊಂಡದ್ದನ್ನ ತೋರಿಸಿದಳು. ಜ್ವರ ಮುಗಿಯೋ ಹೊತ್ತಿಗೆ ಸರಿಯಾಗಿ ಎಲ್ಲರ ಮನೆಯಲ್ಲೂ ಹೆಂಗಸರು ಫೋನು ತೆರೆದಿದ್ದರು. ಆಟ ಗಂಟೆ ಬಾರಿಸಿ ಯಾರನ್ನೂ ಕರೆದಿರಲಿಲ್ಲ.

ಆ ಹೆಂಗಸು ಬಹಳ ಹೊತ್ತು ನೋಡಿದಳು. ಕೊನೆಗೆ, ಮಾಡೋಣ, ಆದರೆ ಕಾಯೋಕೆ ಆಗದೇ ಇರೋರಿಗೆ ಜ್ವರ ದಾಟಿಸೋ ಒಂದು ಬಟನ್ ಇರಲಿ ಅಂದಳು. ಮೊಮ್ಮಗಳು ನನ್ನ ಕಡೆ ನೋಡಿದಳು. ದಾಟಿಸಿದೋರ ಹುಳ ಏರುಪೇರು ಆಗೋ ಹಾಗಿದ್ದರೆ ಇರಲಿ ಅಂದೆ. ಅವರು ಅದಕ್ಕೂ ನಕ್ಕು ಒಪ್ಪಿದರು.

ಪರದೆ ಆರಿದ ಮೇಲೆ ಹೇಮಾವತಿಯವನು ಎರಡೂ ಕೈ ಎತ್ತಿ, "ನಮ್ಮ ಆಟ ಸೂಪ..." ಅನ್ನೋಕೆ ಹೋದ. ರಾಯದುರ್ಗದ ಹುಡುಗಿ, "ಏ, ಸುಮ್ನಿರ್ರಿ! ಅನಬ್ಯಾಡ್ರಿ ಹಂಗ!" ಅಂತ ಬಾಯಿ ಮುಚ್ಚಿಸಿದಳು. ಮೂರು ತಿಂಗಳಲ್ಲಿ ಹುಳದವರ ಮನೆ ಮಗಳೇ ಆಗಿಬಿಟ್ಟಿದ್ದಳು. ಅಲ್ಲೇ ನಿಂತು ಅವರಪ್ಪನಿಗೆ ಫೋನ್ ಹಚ್ಚಿದಳು. ಆ ಕಡೆ ಹೊಲಿಗೆ ಮಿಷನ್ ಸದ್ದು ನನಗೂ ಕೇಳುತ್ತಿತ್ತು.

"ಹೆಂಗಾತವ್ವಾ?" ಅಂದ ಅವನು.

"ಏನೋ ಸುಮಾರಾತಪ್ಪಾ" ಅಂದಳು ಇವಳು, ದೃಷ್ಟಿಗೆ ಹೆದರಿ.

ಮಿಷನ್ ಸದ್ದು ನಿಂತಿತು. ಅವನು ಪ್ಯಾಂಟು ಹೊಲಿಯೋನು, ಹುಳ ಸಾಕಿದವನಲ್ಲ. ಅವನಿಗೆ ಸುಮಾರು ಅಂದರೆ ಸುಮಾರು.

"ಇರಲಿ ಬಿಡವ್ವಾ. ನಾಳಿಗೆ ಅಣ್ಣನ್ನ ಕಳಿಸ್ತೀನಿ, ಅರಿವಿ ಗಂಟು ಕಟ್ಕೊಂಡು ತಯಾರಾಗಿರು."

ಚೆನ್ನಾಗಿದೆ ಅಂದರೆ ಆಟಕ್ಕೆ ದೃಷ್ಟಿ, ಅನ್ನದಿದ್ದರೆ ನಾಳೆ ಬಸ್ಸು. ಹುಡುಗಿ ನನ್ನ ಮುಖ ನೋಡಿದಳು.

ಫೋನ್ ಕಿತ್ತುಕೊಂಡೆ.

"ನೋಡಪ್ಪ, ನಾನು ಇಲ್ಲಿ ಅಜ್ಜಿ ಮಾತಾಡೋದು. ಬೆಂಗಳೂರಿನವರು ಒಪ್ಪಿದ್ದಾರೆ. ಆಟ ಚೆನ್ನಾಗೈತೆ. ಬಹಳ ಚೆನ್ನಾಗೈತೆ. ನಿನ್ನ ಮಗಳು ಬರೆದ ಹುಳದಂಥ ಹುಳ ನನ್ನ ತಟ್ಟೇಲೂ ಎದ್ದಿರಲಿಲ್ಲ. ಯಾರನ್ನೂ ಕಳಿಸಬೇಡ."

"ಹೌದ್ರಿ? ಹಂಗಾರ ಇರಲಿ ಬಿಡ್ರೀ ಅಮ್ಮಾರ" ಅಂದ. ಮಿಷನ್ ಮತ್ತೆ ಶುರುವಾಯಿತು.

ಈ ವಯಸ್ಸಿನವರೆಗೆ ಒಂದು ಬೆಳೆಗೂ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಮೂವರೂ ನನ್ನನ್ನೇ ನೋಡುತ್ತಿದ್ದರು. ಏನು ನೋಡ್ತೀರ, ಬಟನ್ ಮಾಡ್ರಿ ಹೋಗ್ರಿ ಅಂದು ಫೋನ್ ಕೊಟ್ಟು ಮನೆಗೆ ಬಂದೆ. ದೃಷ್ಟಿ ತೆಗೆದ ಉಪ್ಪು ಗ್ಯಾಸಿನ ಒಲೆಗೆ ಹಾಕಿದರೆ ಒಲೆ ಕೆಡುತ್ತದೆ ಅಂತ ಮನೆಯಲ್ಲಿ ಸೊಸೆ ಬೈತಾಳೆ. ಹಿತ್ತಿಲ ನೀರೊಲೆಯಲ್ಲಿ ಬೆಳಿಗ್ಗೆಯ ಕೆಂಡ ಇನ್ನೂ ಇತ್ತು. ಒಂದು ಹಿಡಿ ಕಲ್ಲುಪ್ಪು ಹಿಡಿದು ಹುಳದ ಮನೆ ಕಡೆ ಮೂರು ಸಲ ಇಳಿ ತೆಗೆದು ಅದಕ್ಕೆ ಹಾಕಿದೆ. ಚಟಪಟ ಅಂತ ಚೆನ್ನಾಗಿ ಸಿಡಿಯಿತು.